ಒಂದೇ ರಾತ್ರಿ

ಮೊದಲು ಒಳಗೆ ಹೋಗಿ ಕೇಳಬೇಕು.
ಇದು ಹೋಬರ್ಟನ ಕೈಬರಹ. ಕಪಾಟಿನ ಬಾಗಿಲ ಒಳಮೈಗೆ
ಅಂಟಿಸಿದ ಚೀಟಿ, ಅಂಚು ಎಣ್ಣೆ ಕುಡಿದಿದೆ.
ಎಷ್ಟೋ ಊರುಗಳಲ್ಲಿ ಕೇಳಿದವನು ಅವನೇ.
ವರ್ಲೀನ್ ಗಾಡಿಯಲ್ಲೇ ಕೂತು
ಗಾಜಿನ ಬಾಗಿಲು ಅವನನ್ನು ನುಂಗಿ ಮತ್ತೆ ಉಗುಳುವುದನ್ನು
ನೋಡುತ್ತಿದ್ದಳು. ಹೆಬ್ಬೆರಳು ಮೇಲೆದ್ದರೆ
ಅಂದಿನ ರಾತ್ರಿ ಅಲ್ಲೇ.

ಈಗ ಅವಳೇ ಇಳಿದಿದ್ದಾಳೆ.
ವಯೋಮಿಂಗ್, ಅಕ್ಟೋಬರ್ ಕೊನೆ,
ಗಾಳಿ ಬಾಗಿಲನ್ನು ಕೈಯಿಂದ ಕಿತ್ತುಕೊಳ್ಳುತ್ತದೆ.
ಕೌಂಟರಿನೆದುರು, ಕೆಟ್ಟ ಕಾಫಿ ಯಂತ್ರ ಹಿಂದಿರುಗಿಸಲು ಬಂದವನ
ಬೆನ್ನಿಗೆ ನಿಂತು ಮನಸ್ಸಿನಲ್ಲೇ ಮಾತು ಜೋಡಿಸುತ್ತಾಳೆ:
ಒಂದು ರಾತ್ರಿ. ಒಂದೇ. ಇಪ್ಪತ್ತೆಂಟು ಅಡಿ.
ಅರವತ್ತೊಂಬತ್ತು ವರ್ಷ ಯಾರಲ್ಲೂ
ಮಲಗಲು ಜಾಗ ಕೇಳಿದವಳಲ್ಲ.

ಮ್ಯಾನೇಜರ್ ಹೆಂಗಸು ಫೋನಿನಿಂದ ಕಣ್ಣೆತ್ತದೆ ಹೇಳಿದಳು:
ಗೊಬ್ಬರದ ಚೀಲಗಳ ಆಚೆ, ಕೊನೆಯ ಸಾಲು,
ಲಾರಿ ತಿರುಗುವಷ್ಟು ಜಾಗ ಬಿಡಿ.
ಅಷ್ಟೆ? ಇಷ್ಟಕ್ಕೇ ಅವನು
ಪ್ರತಿ ಸಲ ಅಂಗಿ ಬದಲಿಸುತ್ತಿದ್ದನೆ?

ಏನಾದರೂ ಕೊಳ್ಳಬೇಕು, ಎನ್ನುತ್ತದೆ ಚೀಟಿ, ಬೇಡದಿದ್ದರೂ.
ಅವಳು ಉಪ್ಪು ಕೊಂಡಳು.
ಮನೆಯಲ್ಲಿ (ಗಾಡಿಯಲ್ಲಿ, ಅಂದರೆ ಮನೆಯಲ್ಲಿ)
ಆಗಲೇ ಎರಡು ಡಬ್ಬಿ ಇತ್ತು. ಋಣಕ್ಕೆ ಇರಲಿ.

ಬದಿಯ ಗೋಡೆಯನ್ನು ಹೊರಗೆ ಸರಿಸಲಿಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ,
ಇಲ್ಲಿ ಹಾಸಿಗೆಯೇ ಅರ್ಧ ಮಡಚಿದ್ದು,
ಕಾಲಿಗೆ ಬೀರು ತಾಗುತ್ತದೆ, ಓರೆಯಾಗಿ ಮಲಗಬೇಕು.
ಇಬ್ಬರು ಹೇಗೆ ಹಿಡಿಸುತ್ತಿದ್ದೆವೋ.
ಜಾಕ್ ಇಳಿಸಬಾರದು, ಡಾಂಬರಿಗೆ ಕುಳಿ ಬೀಳುತ್ತದೆ;
ಹಾಗಾಗಿ ನೆಲವೇ ವಾಲಿ, ಮಾತ್ರೆಯ ಶೀಷೆ ಮೇಜಿನಿಂದಿಳಿದು
ತನ್ನ ಪಾಡಿಗೆ ಬಾಗಿಲ ತನಕ ಹೋಯಿತು.
ಹೊರಗೆ ಕುರ್ಚಿ ಹಾಕಿದೆಯೋ,
ಅಲ್ಲಿಗೆ ನೀನು ನೆಂಟನಲ್ಲ, ಬಿಡಾರ ಹೂಡಿದವನು.
ಇದರ ಕೆಳಗೆ ಎರಡು ಗೀಟು.

ಹತ್ತಕ್ಕೆ ಜನರೇಟರ್ ಆರಿಸಿದಳು.
ಆಗ ಕೇಳಿತು ತಳ್ಳುಗಾಡಿಗಳ ಗಲಗಲ.
ಹಳದಿ ಜಾಕೀಟಿನ ಹುಡುಗ ಗಾಳಿಗೆ ಎದೆ ಕೊಟ್ಟು
ಒಂದರೊಳಗೊಂದು ತೂರಿಸಿದ ಮೂವತ್ತನ್ನು
ದನ ಹೊಡೆದಂತೆ ಹೊಡೆದುಕೊಂಡು ಹೋಗುತ್ತಿದ್ದ.
ಉಂಡ ಮನೆಯ ಜಂತೆ ಎಣಿಸಬಾರದು, ನಿಜ.
ನಿದ್ದೆ ಬಾರದೆ ಅವಳು ದೀಪದ ಕಂಬ ಎಣಿಸಿದಳು.
ಹದಿನೇಳು. ಒಂದು ಕೆಟ್ಟಿದೆ.
ಅದರ ಬುಡದಲ್ಲೊಂದು ಸಣ್ಣ ಕಾರು,
ಕಿಟಕಿಗಳಿಗೆ ಒಳಗಿನಿಂದ ಟವೆಲು.

ಹನ್ನೆರಡಕ್ಕೆ ಹಳದಿ ಜಾಕೀಟು ಬಂದು ಅದರ ಬಾಗಿಲು ತೆರೆದು,
ಒಳದೀಪ ಹೊತ್ತದಂತೆ ಗುಂಡಿ ಒತ್ತಿ ಹಿಡಿದು,
ಒಳಗೆ ಮಗು ಮಲಗಿದೆಯೋ ಎಂಬಂತೆ
ಬಾಗಿಲೆಳೆದುಕೊಂಡಿತು.
ಅವನಿಗೆ ಚೀಟಿ ಬೇಕಿಲ್ಲ.
ಕೊನೆಯ ಸಾಲು, ಸದ್ದಿಲ್ಲ, ಕುರ್ಚಿಯಿಲ್ಲ.
ಒಂದೇ ರಾತ್ರಿ ಎಂಬುದೊಂದನ್ನು ಬಿಟ್ಟು
ಎಲ್ಲವೂ ಬಾಯಿಪಾಠ.

ಹೋಬರ್ಟನ ಕಡೆಯ ಕಂಬಳಿ ಇತ್ತು, ಮಡಚಿಟ್ಟದ್ದು.
ಎತ್ತಿಕೊಂಡಳು. ಮೆಟ್ಟಿಲ ತನಕ ಹೋದಳು.
ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ
ಗಾಜಿಗೆ ಬೆರಳು ತಟ್ಟಿದರೆ
ಒಳಗಿನವನಿಗೆ ಅದಕ್ಕೆ ಒಂದೇ ಅರ್ಥ: ಏಳು, ಹೊರಡು.
ಕಂಬಳಿ ಹಾಗೇ ಹಿಂದೆ ಬಂತು.

ಬೆಳಕು ಹರಿಯುವ ಮೊದಲೇ ಜಾಗ ಬಿಡಬೇಕು.
ಆರು ಗಂಟೆಗೆ ಇಳಿದು ಚಕ್ರದ ಸುತ್ತ
ಯಾರದೋ ಲೋಟ, ಯಾರದೋ ರಸೀತಿ ಹೆಕ್ಕಿದಳು.
ಬೀಗದ ಕೈ ಹಾಕಿದಳು. ತಿರುಗಿಸಲಿಲ್ಲ.
ಈ ಡೀಸೆಲ್ಲಿನ ಗಂಟಲು ಸತ್ತವರನ್ನೂ ಎಬ್ಬಿಸುತ್ತದೆ
(ಎಲ್ಲರನ್ನೂ ಅಲ್ಲ).
ಆರೂವರೆ. ಏಳು. ಕಾಫಿ ಆರಿತು.
ಕೌಂಟರಿನ ಹೆಂಗಸು ಪಾಳಿ ಮುಗಿಸಿ ಕಾರು ಹತ್ತುತ್ತ
ಈ ಕಡೆ ನೋಡಿ, ಕೈಗಡಿಯಾರ ನೋಡಿದಳು. ನೋಡಲಿ.

ಏಳೂ ಮುಕ್ಕಾಲಿಗೆ ಕಾರಿನ ಬಾಗಿಲು ತೆರೆಯಿತು.
ಹುಡುಗ ಬಾಟಲಿಯ ನೀರಲ್ಲಿ ಮುಖ ತೊಳೆದು
ಟವೆಲು ಕಿತ್ತು ಒರೆಸಿಕೊಂಡ.
ಅವನು ಇತ್ತ ನೋಡಲಿಲ್ಲ, ಇವಳು ಅತ್ತ.

ಆಮೇಲೆ ಎಂಜಿನ್.
ಕನ್ನಡಿಯಲ್ಲಿ ಅವಳು ನಿಂತಿದ್ದ ಜಾಗ:
ಸುತ್ತ ಬಿಳಿ ಇಬ್ಬನಿ, ನಡುವೆ ಕಪ್ಪಗೆ ಒಣಗಿದ
ಇಪ್ಪತ್ತೆಂಟು ಅಡಿ.