ಮೂಲೆ, ಮೂಳೆ

ಉರ್ಗೆಂಚಿನ ಕಾಲೇಜು. ನವೆಂಬರ್. ಹೀಟರ್ ಕೆಟ್ಟಿದೆ.
ಕರಬೂಜದ ರಟ್ಟಿನ ಪೆಟ್ಟಿಗೆ ಕತ್ತರಿಸಿ ತಂದಿದ್ದೇನೆ:
ಒಂದು ಚೌಕ, ಎರಡು ಪಟ್ಟಿ, ಒಂದು ಚೂರು.
ಸೂತ್ರ ಎಲ್ಲರಿಗೂ ಬಾಯಿಪಾಠ.
ಯಾಕೆ ಎಂದರೆ ಮಾತ್ರ
ಕಿಟಕಿಯಾಚೆ ಹತ್ತಿ ಬಯಲು ನೋಡುತ್ತಾರೆ.

ಚೌಕಕ್ಕೆ ಅದರ ಹತ್ತು ಬದಿ ಕೂಡಿದರೆ ಮೂವತ್ತೊಂಬತ್ತು.
ಜೋಡಿಸಿ, ಎಂದೆ. ಜೋಡಿಸಿದರು.
ಒಂದು ಮೂಲೆ ಬಾಯಿ ಬಿಟ್ಟುಕೊಂಡು ನಿಂತಿತು.
ಐದೈದ್ಲಿ ಇಪ್ಪತ್ತೈದು ಕೊಟ್ಟರೆ ವರ್ಗ ಪೂರ್ತಿ;
ಈ ಸೀಮೆಯ ಹೆಸರು ಹೊತ್ತವನೊಬ್ಬ
ಸಾವಿರದಿನ್ನೂರು ವರ್ಷದ ಹಿಂದೆ
ಬಾಗ್ದಾದಿನಲ್ಲಿ ಕೂತು ಬರೆದ ಚಿತ್ರ.

‘ಮೈನಸ್ ಹದಿಮೂರೂ ಉತ್ತರವೇ ಅಲ್ಲವಾ?’
ಜುಮಗುಲ್ ತಕರಾರು.
ಹೌದು. ಅವನು ಬರೆಯಲೇ ಇಲ್ಲ.
ಸೊನ್ನೆಗಿಂತ ಗಿಡ್ಡ ಬದಿಯ ರಟ್ಟು
ಯಾವ ಕತ್ತರಿಗೆ ಸಿಕ್ಕೀತು?
ದೊಡ್ಡವರೂ ಬಿಟ್ಟುಬಿಟ್ಟದ್ದುಂಟು ಎಂದು ಕೇಳಿ
ಹಿಂದಿನ ಬೆಂಚು ನಿದ್ದೆಯಿಂದೆದ್ದಿತು.

ಆಗ ಬಾಗಿಲಲ್ಲಿ ಮತ್ಯಾಕುಬ್,
ಮೂರು ವಾರದ ಮೇಲೆ, ಬಲತೋಳಿಗೆ ಪ್ಲಾಸ್ಟರು.
ಬೀಜಗಣಿತಕ್ಕೆ ಅವನಿಟ್ಟ ಅರಬ್ಬಿ ಹೆಸರೇ
ಮುರಿದ ಮೂಳೆ ಕೂಡಿಸುವುದಕ್ಕೂ ಹೆಸರು
ಎಂದು ಹೇಳಹೊರಟವಳು
ಸುಮ್ಮನಾದೆ.

ಅವನು ಮೇಜಿಗೆ ಬಂದು
ಎಡಗೈಯಲ್ಲಿ ಆ ಚೂರೆತ್ತಿ
ಖಾಲಿ ಮೂಲೆಗಿಟ್ಟ,
ಕೊಂಚ ಸೊಟ್ಟಗೆ.

‘ಕೂಡಿತಾ?’ ಯಾರೋ ಕೇಳಿದರು,
ಚೌಕವನ್ನೋ ತೋಳನ್ನೋ.

‘ಇನ್ನೆರಡು ವಾರ’ ಎಂದ.