ಒಂದು ಗೇಣಿನಾಚೆ

ಮೂವತ್ತೊಂದು ವರ್ಷ ದುರ್ಗದಬೈಲಿನ ಕಟ್ಟಿ ಮ್ಯಾಲೆ
ಬಲಗಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು
ಒಂದು ಗೇಣಿನಾಚೆ ನೋಡಿದಾವಲ್ಲ ನಾನು.
ಎದುರಿಗೆ ನಿಂತ ಗಿರಾಕಿ ಅಂದ್ರ ನನಗ
ಒಂದು ಮಣಿಕಟ್ಟು, ಒಂದು ಪಟ್ಟಾ,
ಪಟ್ಟಾ ಬಿಚ್ಚಿದ ಮ್ಯಾಲೆ ಬೆಳ್ಳಗ ಉಳಿದ ಚರ್ಮ.
ಮಾರಿ ನೆನಪಿರೂದಿಲ್ಲ.

ಮೊನ್ನೆ ಪುಣೆದಾವ ಒಬ್ಬ ಬಂದು
ಹಳೇ ಡಯಲ್ಲು, ಮುಳ್ಳು, ಕೀಲಿ, ತುಕ್ಕು ಹಿಡಿದ ಗಾಲಿ
ಬಿಸ್ಕೀಟಿನ ಡಬ್ಬಿ ಸಮೇತ ಹೊತಗೊಂಡು ಹೋದ.
ಅಂಥಾವನ್ನ ಕೂಡಿಸಿಡೂ ಮಂದಿನೂ ಇರತಾರಂತ.
ಕೈಯಾಗ ಹತ್ತೊಂಬತ್ತು ಸಾವಿರ.
ಕ್ಯಾಮೆರಾ ತೊಗೋತೇನಿ ಅಂದೆ.
ಅಂಬೂಬಾಯಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ:
"ಕಿಸೆದಾಗ ಹಿಡಿಯೂವಂಥಾದ್ದು ತೊಗೋರಿ.
ದೊಡ್ಡದು ತಂದ್ರ ಕಪಾಟಿನ್ಯಾಗ ಕುಂಡರತೈತಿ,
ನಿಮ್ಮ ಹಾರ್ಮೋನಿಯಂ ಕುಂತಂಗ."

ಕೊಪ್ಪಿಕರ್ ರೋಡಿನ ಅಂಗಡ್ಯಾಗ ಸಮೀವುಲ್ಲಾ
ಗಾಜಿನ ಮ್ಯಾಲೆ ಎರಡೂ ಇಟ್ಟ.
ಒಂದು, ತಪಕೀರಿನ ಡಬ್ಬಿಯಷ್ಟು.
ಬೊಟ್ಟಿನಷ್ಟು ಹತ್ತರ ಹಿಡದ್ರ
ಇರುವಿಯ ಮೀಸಿ ತಗೀತೈತಂತ.
ಇನ್ನೊಂದಕ್ಕ ಮೂಗು. ಗುಂಡಿ ಒತ್ತಿದ್ರ
ಗುರ್ ಅಂತ ಮುಂದ ಬರತೈತಿ,
ಆಮಿ ಚಿಪ್ಪಿನ್ಯಾಗಿಂದ ಕುತಗಿ ಚಾಚಿದಂಗ.
"ಚಂದ್ರನ ಮ್ಯಾಲಿನ ತಗ್ಗು ಕಾಣ್ತಾವು ಕಾಕಾ."
ನಮ್ಮ ಓಣ್ಯಾನ ತಗ್ಗಽ ಸಾಕಾಗ್ಯಾವು ತಮ್ಮಾ, ಅಂದೆ.

ಅಂದೆ ಖರೆ, ಕೈ ಮಾತ್ರ
ಸಣ್ಣದನ್ನ ಬಿಟ್ಟು ಮೂಗಿನದರ ಕಡೆ ಹೋತು.
ಅವನಪ್ಪನ ವಾಚಿಗೆ ಮೂರು ಸಲ ಜೀವಾ ಕೊಟ್ಟಾವ ನಾನು;
ಆ ಸಲಿಗಿಗೆ ಹುಡುಗ ಒಂದು ಸಂಜಿಮಟಾ
"ಒಯ್ದು ನೋಡ್ರಿ" ಅಂದ.

ಉಣಕಲ್ ಕೆರಿ ದಂಡಿ.
ಮೊದಲು ಅಂತರಗಂಗಿ, ಹಸರು, ಬರೀ ಹಸರು.
ಆಮ್ಯಾಲೆ ಅದರಾಗಿಂದ ಒಂದು ನಾಮಗೋಳಿ,
ಹಣಿಮ್ಯಾಲೆ ಬಿಳೀ ನಾಮ ಬಳಕೊಂಡು
ಸಾಲಾ ಕೇಳಾಕ ಬಂದಾವರಂಗ ಅಂಜಕೋತ ಹೊಂಟಿತ್ತು.
ಇನ್ನಷ್ಟು ಒತ್ತಿದೆ.
ಮೂಲಿಯಾಚಿನ ದಂಡಿ ತಾನಽ ಎದ್ದು ಈಚೆ ಬಂತು:
ಒಬ್ಬಾವ ಗಾಳಾ ಹಾಕಿ ಕುಂತಾನ.
ಎಡಗೈ ಮ್ಯಾಲೆ ವಾಚು.

ನನ್ನ ಹಣೇಬಾರ ನೋಡ್ರಿ!
ನೂರು ಮಾರು ನೀರು ದಾಟಿ ಹೋದ ಕಣ್ಣು
ಕಡೀಕ ಹೋಗಿ ಕುಂತದ್ದು ಒಂದು ಡಯಲ್ಲಿನ ಮ್ಯಾಲೆ.
ಹತ್ತೂ ಹತ್ತು.
ಆಗ ಹೊತ್ತು ಐದೂ ಮುಕ್ಕಾಲು.
ಹತ್ತೂ ಹತ್ತು ಅಂದ್ರ ಶೋಕೇಸಿನ ಟೈಮು,
ಮುಳ್ಳು ಎರಡೂ ಕೈ ಎತ್ತಿ ನಕ್ಕಂಗ ಇಟ್ಟಿರತಾರ.
ಅಂಗಡಿ ಬಿಟ್ಟಾಗಿಂದ ಒಮ್ಮೆನೂ ನಡದಽ ಇಲ್ಲೇನೋ.
ಗೊತ್ತಿದ್ದೂ ಕಟಗೊಂಡಾನೋ, ಗೊತ್ತಿಲ್ಲದಽನೋ.
ಯಾರು ಕೊಟ್ಟಿದ್ರೋ.

ಮೊದಲನೇ ಸಲ, ಗಿರಾಕಿಯ ಮಾರಿ ನೋಡಬೇಕನಿಸ್ತು.
ಮೂಗು ಮ್ಯಾಲೆತ್ತಿದೆ.
ಮಾರಿ ನಿಲ್ಲವಲ್ಲದು. ಗದ್ದ ಬಂತು, ಟೊಪಗಿ ಬಂತು,
ಮೀಸಿ ಬಂದಂಗ ಮಾಡಿ ಜಾರಿತು.
ಗಾಳಿ ಇರಬೇಕು ಅಂದುಕೊಂಡೆ.
ಗಾಳಿ ಇರಲಿಲ್ಲ.

ಕೂದಲಿನಂಥಾ ಸ್ಪ್ರಿಂಗು ಚಿಮಟದಾಗ ಹಿಡಿಯೂ ಕೈ ಇದು.
ನಿನ್ನೆನೂ ಹಿಡದೇನಿ.
ಗೇಣಿನ್ಯಾಗ ಕಾಣದ್ದು
ನೂರು ಮಾರಿನ್ಯಾಗ ಕಂಡ್ತು.

"ಒಳಗ ಒಂದು ಸೌಲತ್ತೈತಿ ಕಾಕಾ," ಅಂದ ಸಮೀವುಲ್ಲಾ,
"ಚಾಲೂ ಮಾಡಿದ್ರ ಕೈ ನಡುಗಿದ್ದು ಚಿತ್ರಕ್ಕ ಗೊತ್ತಾಗೂದಿಲ್ಲ."
ನಾ ನಕ್ಕೆ.
ಚಾವಿ ಕೊಡೂ ವಾಚಿನ ಎದಿಯಾಗೂ ಒಂದು ಗಾಲಿ ಇರತೈತಿ,
ಹಗಲೂ ರಾತ್ರಿ ನಡುಗೂದಽ ಅದರ ಕೆಲಸ.
ಅದು ನಡುಗೂದು ನಿಂತದ್ದಕ್ಕಽ
ಮೂವತ್ತೊಂದು ವರ್ಷ ಮಂದಿ ನನ್ನ ಕಡೆ ಬಂದದ್ದು.

ದೊಡ್ಡದನ್ನಽ ತಂದೆ. ಸೌಲತ್ತು ಬಂದ್ ಇಟ್ಟೇನಿ, ಸದ್ಯಕ್ಕ.
ಅಂಬೂಬಾಯಿ ಎರಡೂ ಕೈಲೆ ಎತ್ತಿ ತೂಗಿ ನೋಡಿದ್ಲು:
"ಹಾರ್ಮೋನಿಯಂಕ್ಕಿಂತಾ ಹಗುರ ಐತಿ ಬಿಡ್ರಿ."
ಕಪಾಟು ತಗದು ಜಾಗಾನೂ ಮಾಡಿದ್ಲು.

ಐತವಾರ ಮತ್ತ ಕೆರೀಗೆ ಹೋಗಾಂವ.
ಕೊಳ್ಳಾಗ ಕ್ಯಾಮೆರಾ.
ಕಿಸೆದಾಗ ಚಿಮಟ, ಮತ್ತ
ಕಾಗದದಾಗ ಸುತ್ತಿದ ಒಂದು ಗುಂಡನ ಸೆಲ್ಲು.