ಚೆಕ್ಕುಬಂದಿ

ಸಾಗರದ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿಗೆ
ನಂದೊಂದು ಝೆರಾಕ್ಸ್ ಅಂಗಡಿ. ಪುಟಕ್ಕೆ ಎರಡು ರೂಪಾಯಿ.
ಹೆಸರಲ್ಲಿ ಮಾತ್ರ ಕಡಲಿದೆ ಈ ಊರಿಗೆ;
ಅಲೆ ನೋಡಬೇಕೆಂದರೆ ಬಸ್ಸು ಹತ್ತಿ, ಜೋಗ ದಾಟಿ,
ಗೇರುಸೊಪ್ಪೆ ಘಟ್ಟದಲ್ಲಿ ಎರಡು ಸಲ
ವಾಂತಿ ಮಾಡಿಕೊಂಡು ಇಳಿಯಬೇಕು.

ಆದರೂ ಮೂರು ವರ್ಷದ ಕೆಳಗೆ
ಗಜಾನನ ಶೇಟ್ ಬಣ್ಣದ ನಕ್ಷೆ ಹಿಡಿದು ಬಂದಾಗ
ಅರ್ಧ ಪೇಟೆಗೆ ಉಪ್ಪುಗಾಳಿ ಬಡಿಯಿತು.
ಲೈನ್‌ಮನ್ ಕೆರಿಯಪ್ಪ ಪಿಂಚಣಿಯ ಗಂಟು ಬಿಚ್ಚಿದ.
ಗಂಧ ಕೆತ್ತುವ ಪುಟ್ಟಸ್ವಾಮಿ ಗುಡಿಗಾರ
ಒಂಬತ್ತು ಗಣಪತಿ ಮಾರಿ ಎರಡು ಗುಂಟೆ ಹಿಡಿದ.
ಉರ್ದು ಶಾಲೆಯ ಜುಲೇಖಾ ಟೀಚರು
"ಹೊತ್ತು ಮುಳುಗೋದು ಜಗಲಿಯಿಂದ್ಲೇ ಕಾಣ್ತದಂತೆ" ಎಂದು
ನನ್ನ ಕೈಲೇ ನಕ್ಷೆಗೆ ಲ್ಯಾಮಿನೇಷನ್ ಮಾಡಿಸಿದರು.
ನಾನೂ. ನಲವತ್ತೇಳನೇ ನಂಬರು.
ಚೀಟಿ ಎತ್ತಿದ ದುಡ್ಡು, ಎರಡು ಬಳೆ.

ಪೂರ್ವಕ್ಕೆ ಇಪ್ಪತ್ತಡಿ ರಸ್ತೆ. ಉತ್ತರಕ್ಕೆ ನಲವತ್ತಾರು,
ದಕ್ಷಿಣಕ್ಕೆ ನಲವತ್ತೆಂಟು.
ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಎಂದು ಬರೆದಿದ್ದರು
ಪಕ್ಕದ ಮನೆಯವರ ಹೆಸರು ಬರೆದ ಹಾಗೆ.
ರಾತ್ರಿ ಅಷ್ಟನ್ನೇ ಓದಿಕೊಂಡು ಮಲಗುತ್ತಿದ್ದೆ.

ಬಿಕ್ಕಟ್ಟು ಅಂತ ಪೇಪರಿನವರು ಹೆಸರಿಡುವ ಮೊದಲೇ
ನನ್ನ ಯಂತ್ರಕ್ಕೆ ಗೊತ್ತಾಗಿತ್ತು.
ದುಬೈಯಿಂದ ಬರುವ ದುಡ್ಡು ನಿಂತಿತು,
ದಂಡೆಯ ಹೋಟೆಲು ಅರ್ಧ ಕಂಬಕ್ಕೇ
ಕಬ್ಬಿಣ ಚಾಚಿಕೊಂಡು ನಿಂತಿತು,
ಸೊಸೈಟಿ ಬಾಗಿಲಿಗೆ "ಸೋಮವಾರ ಬನ್ನಿ" ಎಂಬ ಬೋರ್ಡು,
ಯಾವ ಸೋಮವಾರ ಅಂತಿಲ್ಲ.
ಪತ್ರದ ಮೂರನೇ ಪುಟದಲ್ಲಿ ಅಕ್ಷರದಲ್ಲಿ ಬರೆದ ಮೊತ್ತ:
ನಾಲ್ಕು ಲಕ್ಷ ಮಾತ್ರ.
ಮೂರೂಕಾಲು ಲಕ್ಷ ಮಾತ್ರ.
ಎರಡು ಮಾತ್ರ.
ಆ 'ಮಾತ್ರ' ಒಂದು ಮಾತ್ರ ಇಳಿಯಲಿಲ್ಲ.
ಗಾಜಿನಡಿ ಹಸಿರು ಬೆಳಕು ಹಾಯುವಾಗೆಲ್ಲ
ಯಾರದೋ ಕಡಲು ಒಂದು ಮಾರು ಹಿಂದೆ ಸರಿಯುತ್ತಿತ್ತು.
ಶೇಟರು ವ್ಯಾಪ್ತಿ ಪ್ರದೇಶದ ಹೊರಗೆ.

"ಒಂದೂಕಾಲಿಗೆ ಕೇಳ್ತಿದಾರೆ" ಎಂದ ಕೆರಿಯಪ್ಪ,
"ನೋಡದೆ ತಗಂಡಿದ್ದು ಹೆಂಗೂ ಆತು, ಅಕ್ಕಾ,
ನೋಡದೆ ಮಾರಾದು ಬ್ಯಾಡ."

ಭಾನುವಾರ ಇಳಿದೆವು.
ನಲವತ್ತಾರರ ಕಲ್ಲು ನೆಟ್ಟಗಿತ್ತು, ನನ್ನದು ಮಗ್ಗುಲಾಗಿತ್ತು.
ಅಡುಗೆಮನೆ ಬರಬೇಕಾದ ಜಾಗದಲ್ಲಿ
ಹರಿದ ಬಲೆಯ ಮೇಲೆ ಬೆಳ್ಳಂಜಿ ಒಣಗುತ್ತಿತ್ತು, ಬೆಳ್ಳಗೆ,
ಕಣ್ಣು ಕುಕ್ಕುವಷ್ಟು. ಕೋಲು ಹಿಡಿದು ಕಾಗೆ ಅಟ್ಟುತ್ತಿದ್ದವಳು
"ಯಾರ್ ನೀವು?" ಎಂದಳು. ಪತ್ರ ತೆಗೆದೆ.
ಓದು ಬಾರದಂತೆ. ಆದರೂ ಒದ್ದೆ ಬೆರಳಲ್ಲಿ
ಒಂದೊಂದೇ ಪುಟ ತಿರುವಿದಳು:
"ನಮ್ಮ ಮಾವನ ಹೆಬ್ಬೆಟ್ಟು ಇದ್ರಲ್ಲಿಲ್ವಾ?"

ಇಲ್ಲ. ಅದು ಇದಕ್ಕೂ ಹಿಂದಿನ ಪತ್ರದಲ್ಲಿರಬೇಕು.

ಗುಂಟೆಗೆ ಹದಿನೆಂಟು ಸಾವಿರದಂತೆ ಕೊಟ್ಟರಂತೆ ಅವರು.
ಈಗೆಷ್ಟು ಎಂದಳು. ಹೇಳಿದೆ.
ಬೆರಳ ಗೆಣ್ಣು ಎಣಿಸಿದಳು, ಮತ್ತೆ ಮೊದಲಿಂದ ಎಣಿಸಿದಳು.
"ಇನ್ನೂ ಇಳೀತದ್ಯಾ?"

ಮೂರು ತಿಂಗಳಿಂದ ನಾನೂ ಕೇಳುತ್ತಿದ್ದದ್ದು ಅದನ್ನೇ.
ಈ ದನಿಯಲ್ಲಲ್ಲ.

ಪ್ಯಾಂಟು ಮಡಿಚಿಕೊಂಡು ನೀರಲ್ಲಿ ನಿಂತ ಕೆರಿಯಪ್ಪ,
ಮೂವತ್ತು ವರ್ಷ ಕಂಬ ಹತ್ತಿದವನು, ಕೂಗಿಕೊಂಡ:
"ಅಕ್ಕಾ, ಕಾಲಡಿ ಮಣ್ಣೇ ಎಳ್ಕಂಡ್ ಹೋಗ್ತದೆ!"
ನಗುತ್ತಿದ್ದ. ಅಷ್ಟು ದೊಡ್ಡದಾಗಿ ನಕ್ಕಿದ್ದು ನಾನು ಕಂಡಿರಲಿಲ್ಲ.

ಮರುದಿನ ಮಾರಿದ. ಆರು ಪ್ರತಿ ಕೇಳಿದ, ತೆಗೆದುಕೊಟ್ಟೆ.
ಅವನು ಹೋದ ಮೇಲೆ ನನ್ನ ಪತ್ರವನ್ನೂ
ಗಾಜಿನ ಮೇಲೆ ಮಗುಚಿದೆ, ಯಾಕೋ.
'ಪಶ್ಚಿಮಕ್ಕೆ' ಎಂಬಲ್ಲಿ ಅಂಟಿಕೊಂಡಿದ್ದ ಮೀನಿನ ಹುರುಪೆ
ಪ್ರತಿಯಲ್ಲಿ ಕಪ್ಪಗೆ, ಗುಂಡಗೆ ಬಂತು,
ರುಜು ಬಾರದ ಸಾಕ್ಷಿಯೊಬ್ಬರು ಒತ್ತಿಹೋದ ಹಾಗೆ.

ಎರಡು ರೂಪಾಯಿ ತೆಗೆದು ಗಲ್ಲಾಕ್ಕೆ ಹಾಕಿದೆ.